ಕಡಗ ತೆಗೆದ ಮೇಲಿನ ತೂಕ

ಸೆಪ್ಟೆಂಬರ್ ತಿಂಗಳ ಆ ಬೆಳಿಗ್ಗೆ ಚಳಿಯೇನೂ ಇರಲಿಲ್ಲ. ಆದರೂ ಎಂಟು ತಿಂಗಳ ಮೊಮ್ಮಗಳಿಗೆ ನಾವು ಉಣ್ಣೆಯ ಸ್ವೆಟರ್ ತೊಡಿಸಿದೆವು. ಅದರ ಮೇಲೆ ಜರಿಯ ಫ್ರಾಕು. ಎರಡು ಕಾಲಿಗೂ ಎರಡು ಕೈಗೂ ಬೆಳ್ಳಿಯ ಕಡಗ. ಹೊರಡುವ ಮುಂಚೆ ನಮ್ಮ ಅಮ್ಮೀ ಕೊರಳಿಗೆ ಇನ್ನೊಂದು ಬೆಳ್ಳಿ ಸರವನ್ನೂ ಹಾಕಿದರು. ಮದುವೆಗೆ ಹೋಗುವವರಂತೆ ಸಿಂಗಾರವಾದ ಮುನ್ನಿಯನ್ನು ಎತ್ತಿಕೊಂಡು ನಾವು ಹೊರಟದ್ದು ಮಾತ್ರ ಮುಂದಿನ ಬೀದಿಯ ಅಂಗನವಾಡಿಗೆ. ಅಂದು ತೂಕದ ದಿನ.

ಅಂಗನವಾಡಿಯ ಟೀಚರಮ್ಮ ಮಗುವನ್ನು ತಕ್ಕಡಿಯ ಮೇಲೆ ಕೂರಿಸಿದರು. ಆರು ಕಿಲೋ ಒಂಬೈನೂರ ಐವತ್ತು ಗ್ರಾಂ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಟ್ಟುಸಿರು ಬಿಟ್ಟೆವು. ಟೀಚರಮ್ಮ ಬರೆದುಕೊಳ್ಳಲಿಲ್ಲ. ನಗುತ್ತಾ ಮಗುವಿನ ಕೈಯಿಂದ ಕಡಗ ಕಳಚಿದರು. ಕಾಲಿನದು ಕಳಚಿದರು. ಸರ, ಫ್ರಾಕು, ಸ್ವೆಟರ್, ಒದ್ದೆಯಾಗಿದ್ದ ಲಂಗೋಟಿ ಎಲ್ಲವನ್ನೂ ತೆಗೆದು ನಮ್ಮ ಮಡಿಲಿಗಿಟ್ಟರು. ಮತ್ತೆ ತೂಗಿದರು. ಆರು ಕಿಲೋ ಆರುನೂರು ಗ್ರಾಂ.

“ಅಮ್ಮಾ, ಜುಲೈನಲ್ಲೂ ಇಷ್ಟೇ ಇತ್ತಲ್ಲ” ಎಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ.

ನಮ್ಮ ಅಬ್ಬಾ ಈ ಊರಿನ ಸಂತೆಬೀದಿಯಲ್ಲಿ ಮೂವತ್ತು ವರ್ಷ ದಿನಸಿ ಅಂಗಡಿ ನಡೆಸಿದವರು. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಅವರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ತಕ್ಕಡಿಯ ಎರಡೂ ತಟ್ಟೆಗಳನ್ನು ಒರೆಸಿ, ಖಾಲಿ ತಕ್ಕಡಿಯನ್ನು ಎತ್ತಿ ಮುಳ್ಳು ನಡುವೆ ನಿಲ್ಲುತ್ತದೆಯೇ ಎಂದು ನೋಡುವುದು. ಅಳತೆ ತೂಕದಲ್ಲಿ ಮೋಸ ಮಾಡುವವರಿಗಾಗಿಯೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, ಅದು ಅಲ್-ಮುತಫ್ಫಿಫೀನ್ ಎಂದು ನಮಗೆ ಮೊದಲು ಹೇಳಿದ್ದು ಮದರಸದ ಉಸ್ತಾದರಲ್ಲ, ಅಬ್ಬಾ. ಅಂಥವರ ಮಗಳಾದ ನಾವು, ಅಂಥವರ ಹೆಂಡತಿಯಾದ ಅಮ್ಮೀ, ಇಬ್ಬರೂ ಸೇರಿ ಒಂದು ಹಸುಗೂಸಿನ ತೂಕದಲ್ಲಿ ಮೋಸ ಮಾಡಲು ಹೊರಟಿದ್ದೆವು. ಮೋಸ ಯಾರಿಗೆ? ಸರಕಾರಕ್ಕೇ? ಟೀಚರಮ್ಮನಿಗೇ? ಬೀಗರಿಗೇ? ಮನೆಗೆ ಬರುವ ದಾರಿಯಲ್ಲಿ ಕಡಗಗಳು ಕೈಚೀಲದಲ್ಲಿ ಝಲ್ ಎನ್ನುತ್ತಿದ್ದವು. ನಾವು ಮೂವರೂ ಮಾತಾಡಲಿಲ್ಲ.

ಈ ಬರಹದಲ್ಲಿ ‘ನಾವು’ ಎಂಬ ಪದ ಪದೇ ಪದೇ ಬರುತ್ತಿದೆ. ನಮ್ಮ ದಖ್ಖನಿಯಲ್ಲಿ ಒಬ್ಬರೇ ಇದ್ದರೂ ‘ಹಮೇ’ ಎನ್ನುವ ರೂಢಿಯುಂಟು. ಇಲ್ಲಿ ಅದು ರೂಢಿಯ ಮಾತಷ್ಟೇ ಅಲ್ಲ. ಆದ ತಪ್ಪು ಒಬ್ಬರದಲ್ಲ, ಮನೆಯದು.

ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಗು ಹುಟ್ಟಿದ್ದು 2023ರ ಜನವರಿಯಲ್ಲಿ. ಹುಟ್ಟಿದಾಗ ಎರಡು ಕಿಲೋ ಎಂಟುನೂರು ಗ್ರಾಂ. ಮಗಳು ಬಿ.ಎಸ್ಸಿ. ಓದಿದವಳು. ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ಒಂದು ಹನಿ ನೀರೂ ಇಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟಳು. ಬೆರಳಿಗೆ ಜೇನು ಹಚ್ಚಿ ನೆಕ್ಕಿಸಲು ಬಂದ ಅಮ್ಮೀಯ ಕೈ ಹಿಡಿದು, “ನಾನೀಜಾನ್, ಒಂದು ವರ್ಷ ತುಂಬುವ ತನಕ ಜೇನು ಬೇಡ. ಅದರಲ್ಲಿರಬಹುದಾದ ಒಂದು ಜಾತಿಯ ರೋಗಾಣುವನ್ನು ಎಳೆ ಮಗುವಿನ ಕರುಳು ತಡೆದುಕೊಳ್ಳಲಾರದು” ಎಂದಳು. ಅಮ್ಮೀ ಮುನಿಸಿಕೊಂಡರು. ಆದರೆ ಮಗು ಚೆನ್ನಾಗಿಯೇ ಬೆಳೆಯಿತು. ಐದು ತಿಂಗಳು ತುಂಬುವಾಗ ಹುಟ್ಟಿದ ತೂಕದ ಎರಡರಷ್ಟನ್ನು ದಾಟಿತ್ತು. ಆರನೇ ತಿಂಗಳಿಗೆ ಆರು ಕಿಲೋ ಆರುನೂರು ಗ್ರಾಂ.

ಜುಲೈನಲ್ಲಿ ಖೀರ್ ಚಟಾಯಿ ಮಾಡಿದೆವು. ಹಿಂದೂ ಮನೆಗಳಲ್ಲಿ ಅನ್ನಪ್ರಾಶನ ಎನ್ನುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಸಂಭ್ರಮ. ಬಿಸ್ಮಿಲ್ಲಾ ಹೇಳಿ ಅಮ್ಮೀ ಬೆಳ್ಳಿ ಚಮಚದ ತುದಿಯಲ್ಲಿ ಒಂದಿಷ್ಟು ಖೀರನ್ನು ನಾಲಿಗೆಗೆ ಮುಟ್ಟಿಸಿದರು. ಮುನ್ನಿ ಮುಖ ಕಿವಿಚಿ, ನಂತರ ಚಪ್ಪರಿಸಿದಳು. ಮನೆತುಂಬ ನಗು. ಅಂದಿನಿಂದ ಮಗುವಿನ ಊಟದ ಜವಾಬ್ದಾರಿ ಹಿರಿಯರಾದ ನಮ್ಮ ಕೈಗೆ ಬಂತು. ನಾಲ್ಕು ಮಕ್ಕಳನ್ನು ಸಾಕಿದ ಅಮ್ಮೀ, ಇಬ್ಬರನ್ನು ಸಾಕಿದ ನಾವು. ನಮಗೆ ಯಾರು ಏನು ಹೇಳಿಕೊಡಬೇಕಿತ್ತು?

ನಮ್ಮದು ರಾಗಿಯ ಸೀಮೆ. ಹಾಗಾಗಿ ರಾಗಿ ಸರಿ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಆದರೆ ಬೆಂಗಳೂರಿನ ಬೀಗರ ಮನೆಯಿಂದ ಫೋನು ಬಂತು: “ರಾಗಿ ಕೊಟ್ಟರೆ ಹುಡುಗಿ ಕಪ್ಪಾಗುತ್ತಾಳೆ. ಡಬ್ಬಿಯದು ಕೊಡಿ.” ಮರುವಾರ ಡಬ್ಬಿಯೂ ಬಂತು. ರಾಗಿಯ ಬಣ್ಣ ಮೈಗೆ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ರಾಗಿಗೂ ಅಕ್ಕಿಗೂ ಮೇಲು ಕೀಳಿನ ಜಗಳ ಹೂಡಿ, ಕೊನೆಗೆ ರಾಗಿಯನ್ನೇ ಗೆಲ್ಲಿಸಿದ ಕನಕದಾಸರ ‘ರಾಮಧಾನ್ಯ ಚರಿತ್ರೆ’ಯ ಕತೆ ನಾವು ಹೈಸ್ಕೂಲಿನಲ್ಲಿ ಕೇಳಿದ್ದೆವು. ಐದು ಶತಮಾನ ಕಳೆದರೂ ಆ ಜಗಳ ಮುಗಿದಿಲ್ಲ, ಅಕ್ಕಿಯ ಜಾಗದಲ್ಲಿ ಈಗ ಡಬ್ಬಿ ಬಂದು ಕೂತಿದೆ ಅಷ್ಟೇ ಎಂದು ನಗಾಡಿದೆವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಡಬ್ಬಿಯನ್ನು ಅಲಮಾರಿನ ಮೇಲಿಟ್ಟೆವು. ರಾಗಿಯ ಪಕ್ಷ ಹಿಡಿದ ಹೆಮ್ಮೆಯಲ್ಲಿ, ಅದನ್ನು ಹೇಗೆ ಕೊಡುತ್ತಿದ್ದೇವೆ ಎಂಬುದನ್ನು ನೋಡಲೇ ಇಲ್ಲ.

ಅಮ್ಮೀ ತಮ್ಮ ಕಾಲದಲ್ಲಿ ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದವರು. ಈ ಸಲ ಜುಲೈ ಮಳೆ, ಬಿಸಿಲಿಲ್ಲ, ಕಾಳು ಒಣಗದು ಎಂಬ ನೆಪ. ಗಿರಣಿಯಿಂದ ಬೀಸಿಸಿ ತಂದ ಬರಿಯ ರಾಗಿಹಿಟ್ಟನ್ನೇ ಜರಡಿ ಹಿಡಿದೆವು. ಗಟ್ಟಿ ಕೊಟ್ಟರೆ ಅರಗುವುದಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬ ಭಯದಿಂದ ಒಂದು ದೊಡ್ಡ ಚಮಚ ಹಿಟ್ಟಿಗೆ ಒಂದು ಲೋಟ ನೀರು ಹಾಕಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಬಾಟಲಿಗೆ ತುಂಬಿದೆವು. ಸರಾಗವಾಗಿ ಬರಲೆಂದು ನಿಪ್ಪಲಿನ ತೂತನ್ನು ಕತ್ತರಿಯಿಂದ ಅಗಲ ಮಾಡಿದೆವು. ಬೆಳಿಗ್ಗೆ ಒಂದು ಬಾಟಲಿ, ಸಂಜೆ ಒಂದು ಬಾಟಲಿ. ಮಗು ಗಟಗಟ ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಮಲಗುತ್ತಿತ್ತು. “ನೋಡು, ಹೊಟ್ಟೆ ತುಂಬಿದ ಮಗು ಹೇಗೆ ನಿದ್ದೆ ಮಾಡುತ್ತದೆ” ಎಂದು ಮಗಳಿಗೆ ತೋರಿಸುತ್ತಿದ್ದೆವು.

ಆಗಸ್ಟಿನ ತೂಕ ನೂರು ಗ್ರಾಂ ಮಾತ್ರ ಏರಿತ್ತು. ಅದಾದ ವಾರಕ್ಕೇ ಭೇದಿ ಶುರುವಾಯಿತು. ಬಾಟಲಿ ಎಷ್ಟು ಕುದಿಸಿದರೂ ಅದರ ಕತ್ತಿನ ಸಂದಿಯಲ್ಲಿ, ನಿಪ್ಪಲಿನ ಮಡಿಕೆಯಲ್ಲಿ ಹಿಟ್ಟಿನ ಅಂಟು ಉಳಿಯುತ್ತದೆ. ಮಳೆಗಾಲದಲ್ಲಿ ಅದು ರೋಗಾಣುಗಳ ಮನೆ. ಓಆರ್‌ಎಸ್ ನೀರು, ಹದಿನಾಲ್ಕು ದಿನ ಜಿಂಕ್ ಮಾತ್ರೆ ಕೊಟ್ಟು ಭೇದಿ ನಿಂತಿತು. ಆದರೆ ಮಗು ಸೊರಗಿತು. ಊರಿನ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆವು. ಅಲ್ಲಿ ಮಗು ಏನು ತಿನ್ನುತ್ತದೆ, ಹೇಗೆ ತಿನ್ನುತ್ತದೆ ಎಂದು ಯಾರೂ ಕೇಳಲಿಲ್ಲ. ಹಸಿವಿಗೆ ಒಂದು, ಶಕ್ತಿಗೆ ಒಂದು ಎಂದು ಎರಡು ಟಾನಿಕ್ ಬರೆದುಕೊಟ್ಟರು.

ಮನೆಯಲ್ಲಿ ನಡೆದದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಅಮ್ಮೀ ಏಳು ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ನಜರ್ ತೆಗೆದರು. ಅದರಿಂದ ಯಾರಿಗೂ ನೋವಾಗಲಿಲ್ಲ, ಸೀನು ಬಂತಷ್ಟೇ. ನೋವಾದದ್ದು ಮುಂದಿನ ಮಾತಿನಿಂದ. ಒಂದು ರಾತ್ರಿ ಮಗು ಅಳು ನಿಲ್ಲಿಸದಿದ್ದಾಗ ನಾವು ಮಗಳಿಗೆ ಹೇಳಿದೆವು: “ನಿನ್ನ ಹಾಲಿನಲ್ಲಿ ಸತ್ವವಿಲ್ಲ.” ಮೂವತ್ತು ವರ್ಷಗಳಿಂದ ಹೆಣ್ಣುಮಕ್ಕಳ ಸಂಕಟಗಳನ್ನು ಕಂಡವರು ನಾವು, ಅವನ್ನು ಕತೆ ಮಾಡಿ ಪತ್ರಿಕೆಗಳಿಗೆ ಕಳಿಸಿದವರು. ಸೊಸೆಗೆ ಅತ್ತೆ ಇಂಥ ಮಾತು ಆಡುವ ದೃಶ್ಯವನ್ನು ನಾವೇ ಬರೆದಿದ್ದೇವೆ. ಅದನ್ನು ತಾಯಿಯೂ ಆಡಬಲ್ಲಳು ಎಂದು ಮಾತ್ರ ಬರೆದಿರಲಿಲ್ಲ. ಮಗಳು ಉತ್ತರ ಕೊಡಲಿಲ್ಲ. ಮಗುವನ್ನೆತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಅದೇ ವಾರ ಬೀಗರಿಂದ ಇನ್ನೊಂದು ಫೋನು: “ನಿಮ್ಮಲ್ಲಿ ಮಗು ಇಳಿದುಹೋಗುತ್ತಿದೆಯಂತೆ. ತಾಯಿ ಬೇಕಾದರೆ ಅಲ್ಲಿರಲಿ, ಮಗುವನ್ನು ನಮ್ಮಲ್ಲಿಗೆ ತನ್ನಿ, ಬಾಟಲಿ ಹಾಲಿಗೆ ಹಾಕಿ ಬೆಳೆಸುತ್ತೇವೆ.” ಆ ಮಾತಿಗೆ ಹೆದರಿಯೇ ನಾವು ಕಡಗ ತೊಡಿಸಿದ್ದು. ತಾಯಿ ಕಾರ್ಡಿನಲ್ಲಿ ಒಂದು ಒಳ್ಳೆಯ ಅಂಕೆ ಬೇಕಿತ್ತು, ಅಳಿಯನಿಗೆ ಫೋಟೋ ತೆಗೆದು ಕಳಿಸಲು.

ಅಂದು ಸಂಜೆ ಟೀಚರಮ್ಮ ತಾವಾಗಿಯೇ ಮನೆಗೆ ಬಂದರು. ತಾಯಿ ಕಾರ್ಡಿನ ಗುಲಾಬಿ ಬಣ್ಣದ ಪುಟ ಬಿಡಿಸಿದರು. ಹೆಣ್ಣುಮಕ್ಕಳಿಗೆ ಗುಲಾಬಿ, ಗಂಡುಮಕ್ಕಳಿಗೆ ನೀಲಿ. “ಹಸಿರು ಪಟ್ಟಿಯಲ್ಲೇ ಇದ್ದಾಳಲ್ಲ ಮಿಸ್” ಎಂದೆವು. “ಬಣ್ಣ ಆಮೇಲೆ ನೋಡೋಣ ಅಮ್ಮಾ, ಗೆರೆ ಯಾವ ಕಡೆ ಹೋಗ್ತಿದೆ ನೋಡಿ” ಎಂದರು. ಆರನೇ ತಿಂಗಳವರೆಗೆ ಏರುತ್ತಾ ಬಂದ ಗೆರೆ ಅಲ್ಲಿಂದ ನೆಲದ ಹಾಗೆ ಮಲಗಿತ್ತು. ಈ ವಯಸ್ಸಿನಲ್ಲಿ ಎರಡು ತಿಂಗಳಿಗೆ ಅರ್ಧ ಕಿಲೋ ಮೇಲೆ ಏರಬೇಕಾದದ್ದು ಏರಿಲ್ಲ. ಇದೇ ರೀತಿ ಮುಂದುವರಿದರೆ ಹಳದಿಗೆ ಬೀಳಲು ಹೆಚ್ಚು ದಿನ ಬೇಡ ಎಂದು ಬೆರಳಿಟ್ಟು ತೋರಿಸಿದರು. “ನಮ್ಮ ಮನೆತನವೇ ಸಣ್ಣ ಕಟ್ಟಿನದು” ಎಂದು ಅಮ್ಮೀ ಗೊಣಗಿದರು. ಅದಕ್ಕೂ ಉತ್ತರವಿದೆ ಎಂದು ನಾವು ಆಮೇಲೆ ಓದಿ ತಿಳಿದೆವು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಈ ಅಳತೆಗಳಿಗೆ ಆರು ದೇಶಗಳ ಮಕ್ಕಳನ್ನು ನೋಡಿದ್ದರು. ಅದರಲ್ಲಿ ನಾರ್ವೆ, ಅಮೆರಿಕ ಇದ್ದಂತೆ ಒಮಾನ್, ಘಾನಾ, ಬ್ರೆಜಿಲ್ ಜೊತೆಗೆ ಭಾರತವೂ ಇತ್ತು. ತಾಯಿಯ ಹಾಲು, ಸರಿಯಾದ ಊಟ, ಚೊಕ್ಕಟವಾದ ನೀರು ಸಿಕ್ಕಿದರೆ ಎಳವೆಯಲ್ಲಿ ಎಲ್ಲ ದೇಶದ ಮಕ್ಕಳೂ ಹೆಚ್ಚು ಕಡಿಮೆ ಒಂದೇ ರೀತಿ ಬೆಳೆಯುತ್ತವೆ ಎಂಬುದೇ ಅದರಿಂದ ಕಂಡ ಸತ್ಯ.

“ಮಗುವಿಗೆ ಕೊಡೋದನ್ನ ತೋರಿಸಿ” ಎಂದರು ಟೀಚರಮ್ಮ. ಬಾಟಲಿ ತಂದೆವು. ಅವರು ಅದನ್ನು ಒಂದು ಚಮಚಕ್ಕೆ ಸುರಿದು ಓರೆ ಮಾಡಿದರು. ಒಂದೇ ಕ್ಷಣದಲ್ಲಿ ಎಲ್ಲ ನೆಲಕ್ಕೆ. “ಸರಿ ಅಂದ್ರೆ ಚಮಚ ಓರೆ ಮಾಡಿದ್ರೂ ಅದರಲ್ಲೇ ನಿಲ್ಲಬೇಕು. ಇದು ಬಣ್ಣದ ನೀರು.”

ಮಗಳು ಅಲ್ಲಿಯವರೆಗೆ ಸುಮ್ಮನಿದ್ದವಳು ಒಂದು ಕಾಗದ, ಪೆನ್ನು ತಂದು ಕೂತಳು. ಎಂಟು ತಿಂಗಳ ಮಗುವಿನ ಹೊಟ್ಟೆ ಅದರ ತೂಕದ ಕಿಲೋವೊಂದಕ್ಕೆ ಸುಮಾರು 30 ಮಿಲಿಲೀಟರ್ ಹಿಡಿಯುತ್ತದೆ. ಮುನ್ನಿಯದು ಅಂದರೆ ಒಂದು ಟೀ ಲೋಟದಷ್ಟು, 200 ಮಿಲಿ. ನಮ್ಮ ಬಾಟಲಿಯೂ 200 ಮಿಲಿ. ಅದರಲ್ಲಿ ಹಿಟ್ಟು ಹತ್ತು ಗ್ರಾಂ, ಅಂದರೆ ಮೂವತ್ತು ಚಿಲ್ಲರೆ ಕ್ಯಾಲೊರಿ. ಅಷ್ಟೇ ಪ್ರಮಾಣದ ತಾಯಿಯ ಹಾಲಿನಲ್ಲಿ 130ರಷ್ಟಿರುತ್ತದೆ. ಈ ವಯಸ್ಸಿನ ಮಗುವಿಗೆ ದಿನಕ್ಕೆ 600ಕ್ಕೂ ಸ್ವಲ್ಪ ಹೆಚ್ಚು ಕ್ಯಾಲೊರಿ ಬೇಕು. 400ರಷ್ಟು ತಾಯಿಯ ಹಾಲಿನಿಂದ ಬಂದರೆ ಉಳಿದ 200 ಊಟದಿಂದ ಬರಬೇಕು. ನಾವು ಎರಡು ಬಾಟಲಿಯಲ್ಲಿ ಕೊಟ್ಟದ್ದು ಅರವತ್ತು ಚಿಲ್ಲರೆ. ಅದೂ ಹೋಗಲಿ, ಆ ನೀರಿನಿಂದ ಹೊಟ್ಟೆ ತುಂಬಿಕೊಂಡ ಮಗು ಎರಡು ಸಲದ ಹಾಲನ್ನು ಬಿಟ್ಟಿತ್ತು. ಮಗು ಕುಡಿಯದಿದ್ದರೆ ಹಾಲೂ ಕಡಿಮೆಯಾಗುತ್ತದೆ.

ಕಾಗದವನ್ನು ನಮ್ಮ ಮುಂದಿಟ್ಟು ಮಗಳು ಒಂದೇ ಮಾತು ಹೇಳಿದಳು: “ಸತ್ವ ಎಲ್ಲಿ ಇರಲಿಲ್ಲ ಅಂತ ಈಗ ಗೊತ್ತಾಯಿತಲ್ಲ, ಅಮ್ಮಾ?”

ನಾವು ಅವಳ ಕೈ ಹಿಡಿದು ಮಾಫಿ ಕೇಳಿದೆವು. ಅಮ್ಮೀ ಅಡುಗೆಮನೆಗೆ ಹೋಗಿ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದ ಸದ್ದು ಕೇಳಿಸಿತು.

ಮರುದಿನದಿಂದ ಹಳೆಯ ಕ್ರಮ. ರಾಗಿಯನ್ನು ಆರಿಸಿ ತೊಳೆದು ರಾತ್ರಿಯಿಡೀ ನೆನೆಹಾಕಿ, ನೀರು ಬಸಿದು, ಒದ್ದೆ ಬಿಳಿ ಬಟ್ಟೆಯಲ್ಲಿ ಕಟ್ಟಿ ಕತ್ತಲಲ್ಲಿಡುವುದು. ಮೇಲೆ ಆಗಾಗ ನೀರು ಚಿಮುಕಿಸುವುದು. ಒಂದೂವರೆ ಎರಡು ದಿನಕ್ಕೆ ಬಿಳಿಯ ಮೊಳಕೆ. ಫ್ಯಾನಿನ ಗಾಳಿಯಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ, ಕೈಯಲ್ಲಿ ಉಜ್ಜಿ ಮೊಳಕೆಯ ಬಾಲ ಉದುರಿಸಿ, ಬೀಸಿಸಿ, ತೆಳು ಬಟ್ಟೆಯಲ್ಲಿ ಗಾಳಿಸುವುದು. ಹೀಗೇ ಮೊಳಕೆ ಕಟ್ಟಿದ ಹೆಸರುಕಾಳು ಒಂದು ಪಾಲು, ರಾಗಿ ಮೂರು ಪಾಲು. “ಜೋರು ಉರಿಯಲ್ಲಿ ಹುರಿಯಬೇಡ, ಹಿಟ್ಟು ಸಾಯುತ್ತದೆ” ಎನ್ನುತ್ತಿದ್ದರು ಅಮ್ಮೀ. ಹಿಟ್ಟು ಸಾಯುವುದೆಂದರೇನು? ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆಯುತ್ತದೆ. ಹೆಚ್ಚು ಕಾವಿಗೆ ಕಿಣ್ವ ನಾಶವಾಗುತ್ತದೆ ಎಂದು ಮಗಳು ಬಿಡಿಸಿ ಹೇಳಿದಳು. ಬರಿಯ ರಾಗಿಹಿಟ್ಟನ್ನು ಎರಡು ಚಮಚ ಹೆಚ್ಚು ಹಾಕಿದರೆ ಗೋಂದಿನಂತಾಗಿ ಮಗು ನುಂಗಲಾರದು, ಅದಕ್ಕೇ ನಾವು ನೀರು ಸುರಿಯುತ್ತೇವೆ. ಮೊಳಕೆಯ ಹಿಟ್ಟಾದರೆ ಹೆಚ್ಚು ಹಾಕಿದರೂ ನುಣ್ಣಗೆ, ಹದವಾಗಿ ಇರುತ್ತದೆ. ಅದೇ ಪುಟ್ಟ ಹೊಟ್ಟೆಗೆ ಹೆಚ್ಚು ಊಟ ಹೋಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿ ಮಾಲ್ಟಿನ ಬಗ್ಗೆ ಹಲವು ವರ್ಷ ಸಂಶೋಧನೆ ನಡೆಸಿ ಹೇಳಿದ್ದೂ ಇದನ್ನೇ. ನಮ್ಮ ಅಜ್ಜಿಯರು ಕಾರಣ ತಿಳಿಯದೆ ಸರಿಯಾದದ್ದನ್ನು ಮಾಡಿದರು. ನಾವು ಕಾರಣ ತಿಳಿಯದೆ ಅದನ್ನು ಬಿಟ್ಟೆವು.

ಸರಿಗೆ ಒಂದು ಸಣ್ಣ ಚಮಚ ತುಪ್ಪ. ಉಪ್ಪು, ಸಕ್ಕರೆ ಒಂದು ವರ್ಷದವರೆಗೆ ಬೇಡ. ಮಗು ತಾಯಿಯ ಹೊಟ್ಟೆಯಿಂದ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳಿಗೆ ಮುಗಿಯುತ್ತಾ ಬರುತ್ತದೆ. ಬರಿಯ ಕಾಳಿನಿಂದ ಅದು ತುಂಬುವುದಿಲ್ಲ. ಹಾಗಾಗಿ ಬೇಯಿಸಿದ ಮೊಟ್ಟೆ, ನುಣ್ಣಗೆ ಅರೆದ ಖೀಮಾ, ವಾರಕ್ಕೊಮ್ಮೆ ಚೂರು ಕಲೇಜಿ. ಮಾಂಸ ದೊಡ್ಡವರ ತಟ್ಟೆಗೆ, ಮಗುವಿಗೆ ಅದರ ಸಾರಿನ ತಿಳಿ ಎಂಬುದು ನಮ್ಮಲ್ಲಿನ ರೂಢಿ. ಸತ್ವವಿರುವುದು ಮಾಂಸದಲ್ಲೇ ಹೊರತು ತಿಳಿಯಲ್ಲಲ್ಲ. 2023ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಸೂಚಿಯಲ್ಲೂ ಆರು ತಿಂಗಳ ನಂತರ ಮೊಟ್ಟೆ, ಮಾಂಸ, ಮೀನಿನಂಥವನ್ನು ದಿನವೂ ಕೊಡಬೇಕೆಂಬ ಮಾತಿದೆ. ತಿನ್ನದವರ ಮನೆಯಲ್ಲಿ ಬೇಳೆ, ಕಾಳು, ಮೊಸರು, ಸೊಪ್ಪು, ಜೊತೆಗೆ ವೈದ್ಯರು ಹೇಳಿದರೆ ಕಬ್ಬಿಣದ ಹನಿ.

ಇನ್ನು ತಿನ್ನಿಸುವ ಕೆಲಸ. ಬಾಟಲಿಯಾದರೆ ಐದು ನಿಮಿಷ, ಚಮಚವಾದರೆ ಅರ್ಧ ಗಂಟೆ. ಮೊದಮೊದಲು ಮುನ್ನಿ ನಾಲಿಗೆಯಿಂದ ಹೊರಗೆ ತಳ್ಳುತ್ತಿದ್ದಳು. ಅದು ಬೇಡವೆಂದಲ್ಲ, ಬರುವುದಿಲ್ಲವೆಂದು. ಮೂಗು ಹಿಡಿದು ಬಾಯಿಗೆ ಸುರಿಯುವ ಪುರಾತನ ವಿದ್ಯೆಯನ್ನು ಮಗಳು ನಿಷೇಧಿಸಿದಳು. ಮುಖ ತಿರುಗಿಸಿದರೆ ನಿಲ್ಲಿಸು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳು. ಮೊದಲು ಹಾಲು ಕೇಳಿದಾಗಲೆಲ್ಲ ಹಾಲು, ನಡುವೆ ದಿನಕ್ಕೆ ಮೂರು ಸಲ ಅರ್ಧ ಬಟ್ಟಲು ಊಟ.

ಅಳಿಯನನ್ನೂ ಕರೆಸಿದೆವು. ಕುರ್‌ಆನಿನ ಅಲ್-ಬಕರ ಅಧ್ಯಾಯದ 233ನೇ ವಚನ ಎರಡು ವರ್ಷ ಹಾಲೂಡಿಸುವ ಬಗ್ಗೆ ಹೇಳುತ್ತದೆ ಎಂಬುದು ನಮ್ಮವರೆಲ್ಲ ಬಲ್ಲ ಮಾತು. ಮಗುವಿಗೆ ಹಾಲು ಬಿಡಿಸುವ ತೀರ್ಮಾನ ತಾಯಿ ತಂದೆ ಇಬ್ಬರ ಒಪ್ಪಿಗೆ ಮತ್ತು ಸಮಾಲೋಚನೆಯಿಂದ ಆಗಬೇಕು ಎಂದು ಅದೇ ವಚನ ಹೇಳುವುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅತ್ತೆಯ ಫೋನು, ಅಜ್ಜಿಯ ಬಾಟಲಿ, ಅಂಗಡಿಯ ಡಬ್ಬಿಗಳ ನಡುವೆ ಆ ಇಬ್ಬರನ್ನೇ ಯಾರೂ ಕೇಳಿರಲಿಲ್ಲ. ಅಳಿಯ ಕಾರ್ಡಿನ ಗೆರೆ ನೋಡಿದ, ಮಗಳ ಲೆಕ್ಕ ಓದಿದ. ತನ್ನ ತಾಯಿಗೆ ತಾನೇ ಫೋನು ಮಾಡಿ, “ಮಗು ಇಲ್ಲೇ ತಾಯಿಯ ಹತ್ತಿರ ಇರುತ್ತದೆ” ಎಂದ. ಆ ಭಾನುವಾರ ಮುನ್ನಿಗೆ ತಿನ್ನಿಸಿದ್ದೂ ಅವನೇ. ಅಂಗಿಯ ತುಂಬ ರಾಗಿ.

ಪವಾಡವೇನೂ ನಡೆಯಲಿಲ್ಲ. ಅಕ್ಟೋಬರಿನಲ್ಲಿ ಏಳು ಕಿಲೋ. ನವೆಂಬರಿನಲ್ಲಿ ಏಳು ಮುನ್ನೂರು. ಡಬ್ಬಿಯ ಮೇಲಿನ ಚಿತ್ರದ ಮಗುವಿನಂತೆ ಗುಂಡು ಗುಂಡಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಮಲಗಿದ್ದ ಗೆರೆ ಎದ್ದು, ಚಿತ್ರದಲ್ಲಿರುವ ಗೆರೆಗಳ ಜೊತೆ ಜೊತೆಗೇ ಏರತೊಡಗಿತು. ಆರೋಗ್ಯದ ತೂಕವೆಂದರೆ ಇದೇ ಎಂದರು ಟೀಚರಮ್ಮ. ಎಷ್ಟಿದೆ ಎನ್ನುವುದಕ್ಕಿಂತ ತಿಂಗಳು ತಿಂಗಳು ಏರುತ್ತಿದೆಯೇ ಎಂಬುದು ಮುಖ್ಯ.

ಇದೆಲ್ಲ ನಮ್ಮ ಮನೆಯ ಮಾತು, ಪತ್ರಿಕೆಯಲ್ಲೇಕೆ ಎಂದು ಕೇಳಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 33ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ತೂಕ ಇಲ್ಲದವರು. ಮೂರರಲ್ಲಿ ಒಂದು ಮಗು. ಅದಕ್ಕೆ ಬಡತನ ದೊಡ್ಡ ಕಾರಣ, ಅನುಮಾನವಿಲ್ಲ. ಆದರೆ ನಮ್ಮ ಮನೆಯಲ್ಲಿ ರಾಗಿಯಿತ್ತು, ತುಪ್ಪವಿತ್ತು, ಮೊಟ್ಟೆಯಿತ್ತು, ಡಿಗ್ರಿಯೂ ಇತ್ತು. ಆದರೂ ಮಗು ಎರಡು ತಿಂಗಳು ಅರೆಹೊಟ್ಟೆಯಲ್ಲಿತ್ತು. ನಮ್ಮ ಮೊಹಲ್ಲಾದ ಎಷ್ಟೋ ಮನೆಗಳಲ್ಲಿ ಮಗುವನ್ನು ತೂಗಿದರೆ ನಜರ್ ತಾಗುತ್ತದೆಂದು ಅಂಗನವಾಡಿಗೆ ಕರೆದೊಯ್ಯುವುದಿಲ್ಲ. ಕಾರ್ಡು ಕನ್ನಡದಲ್ಲಿದೆ, ಉರ್ದು ಶಾಲೆಯಲ್ಲಷ್ಟೇ ಓದಿದ ತಾಯಂದಿರು ಅದನ್ನು ಟ್ರಂಕಿನಲ್ಲಿಟ್ಟು ಮರೆಯುತ್ತಾರೆ. ಎರಡೂ ಭಾಷೆ ಕಲಿತ ನಾವು ಅಕ್ಕಪಕ್ಕದವರ ಕಾರ್ಡನ್ನು ಓದಿ ಹೇಳುವ ಕೆಲಸ ಶುರುಮಾಡಿದ್ದು ಆಮೇಲೆಯೇ. ಕತೆ ಬರೆಯುವುದಕ್ಕಿಂತ ಇದು ಸುಲಭವೇನಲ್ಲ.

2024ರ ಜನವರಿಯಲ್ಲಿ ಮುನ್ನಿಗೆ ವರ್ಷ ತುಂಬಿತು. ಹುಟ್ಟುಹಬ್ಬದ ವಾರವೇ ತೂಕದ ದಿನ ಬಂತು. ನೆಂಟರು ಉಡುಗೊರೆಯಾಗಿ ಕೊಟ್ಟ ಹೊಸ ಕಡಗಗಳು ಕೈಕಾಲಲ್ಲಿದ್ದವು. ಅಂಗನವಾಡಿಯ ಮೆಟ್ಟಿಲು ಹತ್ತುವ ಮುಂಚೆ ಅಮ್ಮೀ ನಿಂತರು. ಒಂದೊಂದಾಗಿ ನಾಲ್ಕು ಕಡಗಗಳನ್ನೂ ಕಳಚಿ ತಮ್ಮ ದುಪಟ್ಟಾದ ಅಂಚಿಗೆ ಕಟ್ಟಿಕೊಂಡರು. ಚಳಿಯಿದ್ದರೂ ಸ್ವೆಟರನ್ನು ತಾವೇ ಬಿಚ್ಚಿದರು. ತೂಗುವ ಮೊದಲು ಖಾಲಿ ತಕ್ಕಡಿಯ ಅಂಕೆ ಸೊನ್ನೆಯಲ್ಲಿದೆಯೇ ಎಂದು ಬಗ್ಗಿ ನೋಡಿದರು, ಥೇಟ್ ಅಬ್ಬಾನ ಹಾಗೆ.

ಏಳು ಕಿಲೋ ಒಂಬೈನೂರು ಗ್ರಾಂ. ಟೀಚರಮ್ಮ ಬರೆದುಕೊಂಡರು.